ಬಾವಿಕಟ್ಟೆಯ ಮೇಲಿಟ್ಟ ಕಾರ್ಡುಗಳು

ನಾನು ಮೊದಲ ಸಲ ಮನೆ ಬಿಟ್ಟು ಎದ್ದು ಹೋದದ್ದು ರೊಟ್ಟಿ ಪಂಚಮಿಯ ದಿನ, ಬುಧವಾರ. ಏಳನೆಯ ಇಯತ್ತೆಯ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ, ಸಜ್ಜಿರೊಟ್ಟಿ ಕಟ್ಟಿಕೊಂಡು ಗದಗ ಸ್ಟೇಷನ್ನಿಗೆ ನಡೆದವನು, ಆಮೇಲೆ ಯಾವ ಊರಲ್ಲೂ ಎರಡನೆಯ ದೀಪಾವಳಿ ನೋಡಿದವನಲ್ಲ. ಸೊಲ್ಲಾಪುರ, ಇಟಾರ್ಸಿ, ಕಟನಿ... ಎಲ್ಲ ಕಡೆ ಕೂತೆ, ಎಲ್ಲ ಕಡೆಯಿಂದ ಎದ್ದೆ. ಕಾಶಿಯಲ್ಲಿ ಮಾತ್ರ, ನಮ್ಮ ಕಡೆಯ ಯಾತ್ರಿಕರಿಗೆ ಘಾಟು ತೋರಿಸುತ್ತ, ಯಾಕೋ ಕಾಲು ನಿಂತಿತು. ಇಲ್ಲಿಯೇ ನಡೆದ ಮಾತು ಇದು. ಹಗಲು ಹೇಳಿದರೆ ಜನ ನಗುತ್ತಾರೆ. ಅದಕ್ಕೆ ಇದನ್ನು ರಾತ್ರಿಯೇ ಹೇಳುತ್ತಿದ್ದೆ, ಈಗ ಬರೆಯುವುದೂ ರಾತ್ರಿಯೇ.

ಆದದ್ದು ನನಗಲ್ಲ. ನನ್ನ ಮೇಲಿನ ಮನೆಯ ಪ್ರಭಾಕರನಿಗೆ. ಆದರೆ ಅರ್ಧ ನಾನು ಕಿವಿಯಾರೆ ಕೇಳಿದ್ದು.

ಎಪ್ಪತ್ತನಾಲ್ಕರ ಫೆಬ್ರವರಿ. ಪ್ರಭಾಕರ ಊರಂಚಿನ ಲಂಕಾ ಪೇಟೆಯಿಂದ ಸೋನಾರ್‌ಪುರದ ಮನೆಗೆ ನಡೆದು ಬರುತ್ತಿದ್ದ. ತಡವಾಗಿತ್ತು, ರಿಕ್ಷಾ ಸಿಕ್ಕಿರಲಿಲ್ಲ. ಹೆಗಲ ಮೇಲೆ ಕಂಪ್ಯೂಟರಿನ ಕಾರ್ಡು ತುಂಬಿದ ಉದ್ದ ಡಬ್ಬಿ. ಅಸ್ಸಿ ದಾಟುವಾಗ ಬಿಜಲಿ ಹೋಯಿತು. ಒಂದು ಗಲ್ಲಿಯದಲ್ಲ, ಊರಿಗೆ ಊರೇ ಕತ್ತಲು. ಮೇಲೆ ಮಂಜು.

ಭದೈನಿಯ ಒಳಗಲ್ಲಿಯಲ್ಲಿ ಒಂದು ಪಾಳುಬಾವಿ ಇದೆ. ಅದರ ಮೇಲೆ ಬಾಗಿದ ಅರಳಿಮರ. ಆ ಮರದ ಕೆಳಗೊಂಬೆಗೆ ಮಣ್ಣಿನ ಮಡಕೆ ಕಟ್ಟುತ್ತಾರೆ. ಸತ್ತವರ ಬಾಯಾರಿಕೆಗೆ. ಮಡಕೆಯ ತಳಕ್ಕೆ ಸಣ್ಣ ತೂತು... ನೀರು ಹೊಯ್ದರೆ ಟಪ್... ಟಪ್... ಎಂದು ತೊಟ್ಟಿಕ್ಕುತ್ತದೆ. ಅದಕ್ಕೆ ಈ ಕಡೆಯವರು ಘಂಟ ಎನ್ನುತ್ತಾರೆ.

ಬಾವಿಯ ಹತ್ತಿರ ಬಂದಾಗ ಸದ್ದು ಕೇಳಿತು.

ಟಕ್... ಟಕ್‌ಟಕ್... ಟಕ್... ಗುರ್ರ್... ಖಟಾಕ್.

ಪ್ರಭಾಕರ ನಿಂತ. ತೊಟ್ಟಿಕ್ಕುವ ಸದ್ದಲ್ಲ ಅದು. ಅವನು ದಿನಾ ಕೇಳುವ ಸದ್ದು. ಕೀಲಿ ಒತ್ತಿದರೆ ಟಕ್. ಕಾರ್ಡು ಮುಂದೆ ಸರಿದರೆ ಗುರ್ರ್. ತೂತು ಬಿದ್ದ ಕಾರ್ಡು ತಟ್ಟೆಗೆ ಬಿದ್ದರೆ ಖಟಾಕ್. ಕಾರ್ಡಿಗೆ ತೂತು ಹೊಡೆಯುವ ಮಷೀನು! ಮೇಜಿನಷ್ಟು ದೊಡ್ಡದು, ಕಬ್ಬಿಣದ್ದು, ಕರೆಂಟಿಲ್ಲದೆ ಒಂದು ಅಕ್ಷರ ಹೊಡೆಯದ್ದು. ಅದು ಈ ಕತ್ತಲಲ್ಲಿ, ಬಾವಿಕಟ್ಟೆಯ ಹಿಂದೆ...

ಸದ್ದು ನಿಂತಿತು.

"ಪ್ರಭ್ಯಾ..."

ಪಿಸುಮಾತು. ಕನ್ನಡ.

"ಖಾಲಿ ಕಾರ್ಡ್ ಅವ ಏನೋ?"

ಅವನು ಓಡಿದ. ಓಡುವಾಗಲೂ ಡಬ್ಬಿ ಬಿಡಲಿಲ್ಲ. ಕಾರ್ಡು ಚೆಲ್ಲಿದರೆ ಅವುಗಳ ಕ್ರಮ ಕೆಡುತ್ತದೆ, ಮತ್ತೆ ಜೋಡಿಸಲು ಒಂದು ವಾರ. ದೆವ್ವಕ್ಕಿಂತ ಹೆಚ್ಚು ಅದಕ್ಕೇ ಹೆದರಿದೆ ಎಂದು ಅವನೇ ಆಮೇಲೆ ಹೇಳಿದ.

ಮೇಲೆ ಹೋಗದೆ ನನ್ನ ಬಾಗಿಲನ್ನೇ ಬಡಿದ.

"ಶಾಮಣ್ಣ... ಬಾಗಲಾ ತಗೀರಿ..."

ತೆಗೆದೆ. ಆ ಚಳಿಯಲ್ಲಿ ಅವನ ಅಂಗಿ ಬೆವರಿಗೆ ಅಂಟಿತ್ತು.

"ಏನಾತ್ರಿ ರಾಯರ? ನಾಯಿ ಬೆನ್ನ ಹತ್ತಿತ್ತೇನು?"

"ಪ್ರಾಣೇಶ ಬಂದಿದ್ದ."

"ಯಾವ ಪ್ರಾಣೇಶ?"

"ಸತ್ತಾನಲ್ಲ... ಅವನ. ನನ್ನ ಪ್ರಭ್ಯಾ ಅಂತ ಕರೀತಿದ್ದಂವಾ ಅವನೊಬ್ಬನ."

ಈ ಪ್ರಾಣೇಶನನ್ನು ನಾನು ನೋಡಿರಲಿಲ್ಲ. ವಿಜಾಪುರದ ಕಡೆಯವನಂತೆ. ಪ್ರಭಾಕರನಿಗಿಂತ ಮೊದಲು ಬಂದು ಅದೇ ಕೆಲಸ ಮಾಡುತ್ತಿದ್ದವನು, ಹಾಸ್ಟೆಲ್ಲಿನಲ್ಲಿ ಇಬ್ಬರೂ ಒಂದೇ ಕೋಣೆ. ಎರಡು ವರ್ಷದ ಹಿಂದೆ ಕಾಮಾಲೆಯಾಗಿ ಹೋದ. ಊರಿನಿಂದ ಯಾರೂ ಬಂದು ಮುಟ್ಟಲಿಲ್ಲ. ಹರಿಶ್ಚಂದ್ರ ಘಾಟಿನಲ್ಲಿ ಬೆಂಕಿ ಇಟ್ಟವನು ಪ್ರಭಾಕರ. ಅಲ್ಲಿಯ ಪಂಡಿತ ಹೇಳಿದಂತೆ ಅರಳಿಮರಕ್ಕೆ ಘಂಟ ಕಟ್ಟಿ ನೀರು ಹೊಯ್ದವನೂ ಪ್ರಭಾಕರನೇ. ಆ ಮರ ಇದೇ ಮರ.

"ಅಂಜಬ್ಯಾಡ್ರಿ," ಎಂದೆ. "ನಿದ್ದಿ ಇಲ್ಲ ನಿಮಗ. ಆ ಭೀಮಾ ನಿಮ್ಮ ತಲಿ ತಿಂದದ."

ಆ ಭೀಮಾದ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಪ್ರಭಾಕರ ಧಾರವಾಡದವನು. ಸೇತುವೆಯ ಕಮಾನು ಎಷ್ಟು ಭಾರಕ್ಕೆ ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕಿ ಡಾಕ್ಟರೇಟು ತೆಗೆದುಕೊಳ್ಳಲು ಕಾಶಿಗೆ ಬಂದಿದ್ದ. ಐದು ವರ್ಷವಾಗಿತ್ತು. ಕೈಯಿಂದ ಆಗುವ ಲೆಕ್ಕವಲ್ಲ ಅದು. ಲಂಕಾದ ಆಚೆ ಒಂದು ಗಣಕ ಕೇಂದ್ರವಿತ್ತು, ಹೆಸರು ಬೇಡ. ಅಲ್ಲಿ ಒಂದು ಕೋಣೆ ತುಂಬ ಕಂಪ್ಯೂಟರು. ಅದರ ಜೊತೆ ಮಾತಾಡುವ ಭಾಷೆಗೆ ಫೋರ್ಟ್ರಾನ್ ಎನ್ನುತ್ತಾರೆ. ಆ ಭಾಷೆಯಲ್ಲಿ ಒಂದೊಂದು ಸಾಲನ್ನೂ ಒಂದೊಂದು ರಟ್ಟಿನ ಕಾರ್ಡಿಗೆ ತೂತು ಹೊಡೆದು, ಕಟ್ಟು ಕಟ್ಟಿ ಕೊಡಬೇಕು. ಇವತ್ತು ಕೊಟ್ಟರೆ ನಾಳೆ ಉತ್ತರ.

ಜನವರಿಯಲ್ಲಿ ಕೇಂದ್ರದವರು ಹಳೆಯ ಫೋರ್ಟ್ರಾನ್ ತೆಗೆದು ಹೊಸದನ್ನು ಹಾಕಿದರು. ಇದು ಬಹಳ ಶಾಣ್ಯಾ ಅದ ಎಂದು ಎಲ್ಲರಿಗೂ ಲಡ್ಡು ಹಂಚಿದರು. ಪ್ರಭಾಕರನೂ ತಿಂದ. ಮರುದಿನದಿಂದ ಅವನ ಪ್ರೋಗ್ರಾಂ ನಿಂತಿತು. ಮೊದಲು ಹೊತ್ತಗೆಯಷ್ಟು ದಪ್ಪ ಉತ್ತರ ಬರುತ್ತಿದ್ದಲ್ಲಿ ಈಗ ಒಂದೇ ಹಾಳೆ, ಹಾಳೆಯಲ್ಲಿ ಒಂದೇ ಸಾಲು: ಭೀಮಾ ಸಿಗಲಿಲ್ಲ.

"ಭೀಮಾ ಅಂದ್ರ ಹೊಳಿ ಅಲ್ಲೇನ್ರಿ?" ಎಂದು ನಾನು ಕೇಳಿದ್ದೆ.

"ಹೊಳೀನ. ಪ್ರಾಣೇಶ ಇಟ್ಟ ಹೆಸರು. ಅವನ ಊರ ಹೊಳಿ. ನೀವು ಯಾತ್ರಾ ಮಾಡಸ್ತೀರಲ್ಲ ಶಾಮಣ್ಣ, ಪಿಂಡ ನೀವ ಹಾಕಸ್ತೀರೇನು?"

"ಛೇ. ಅದು ಭಟ್ಟರ ಕೆಲಸ. ಅವರ ಮುಂದ ಒಯ್ದು ಕೂಡಸ್ತೇನಿ, ಮುಗದ ಮ್ಯಾಲೆ ಕರಕೊಂಡು ಮುಂದ ಹೋಗ್ತೇನಿ."

"ನನ್ನ ಪ್ರೋಗ್ರಾಂ ನೀವು. ಭೀಮಾ ಭಟ್ಟರು. ಕಠಿಣ ಲೆಕ್ಕ ಬಂದಲ್ಲೆ ಪ್ರಾಣೇಶ ಬರೆದ ಆ ತುಕಡಿಗೆ ಒಪ್ಪಸ್ತಿದ್ದೆ, ಅದು ಮಾಡಿ ಕೊಡ್ತಿತ್ತು. ಈಗ ಘಾಟಿಗೆ ಹೋಗಿ ನೋಡಿದ್ರ ಭಟ್ಟರ ಇಲ್ಲ! ಹಳೇ ಫೋರ್ಟ್ರಾನಿನ ಜೋಡಿ ಅವರನ್ನೂ ಅಳಿಸಿ ಹಾಕ್ಯಾರ."

"ಮತ್ತ ಅದರ ಕಾರ್ಡು ಇರಬೇಕಲ್ಲ?"

ಇರಬೇಕಿತ್ತು. ಕೇಂದ್ರದ ಕಪಾಟಿನಲ್ಲಿ ಪ್ರಾಣೇಶನ ಕೈಯ ಕಾರ್ಡಿನ ಕಟ್ಟುಗಳೆಲ್ಲ ಇದ್ದವು. ಆದರೆ ಮಷೀನು ನಡೆಸುವ ಪಾಠಕ್‌ಜೀ ಬಹಳ ಭಕ್ತಿಯ ಮನುಷ್ಯ. ಹೊಸದು ಬಂದ ಮೇಲೆ ಹಳೆಯ ಕಟ್ಟುಗಳನ್ನು ರದ್ದಿಗೆ ಹಾಕಿರಿ ಎಂದು ಮೇಲಿನಿಂದ ಹುಕುಂ ಬಂತು. ಸತ್ತ ಬ್ರಾಹ್ಮಣ ಹುಡುಗನ ಬರಹ, ಅದರಲ್ಲಿ ಪಾನ್‌ವಾಲಾ ಸುಪಾರಿ ಕಟ್ಟಿಕೊಡುವುದೇ? ಅವನ ಮನಸ್ಸು ಒಪ್ಪಲಿಲ್ಲ. ಸಂಕ್ರಾಂತಿಯ ಸ್ನಾನಕ್ಕೆ ದಶಾಶ್ವಮೇಧಕ್ಕೆ ಹೋದಾಗ ಎಲ್ಲವನ್ನೂ ಹೊಸ ಬಟ್ಟೆಯಲ್ಲಿ ಕಟ್ಟಿ, ಹೂ ಏರಿಸಿ, ನಡುಹೊಳೆಗೆ ದೋಣಿಯಲ್ಲಿ ಒಯ್ದು ಬಿಟ್ಟ.

"ಗಂಗಾಜೀ ಕೋ ಸೌಂಪ್ ದಿಯಾ, ಬಾಬೂ," ಎಂದು ಕೈಮುಗಿದನಂತೆ. ಗಂಗೆಗೆ ಒಪ್ಪಿಸಿಬಿಟ್ಟೆ.

ಅಂಥವನನ್ನು ಬೈಯುವುದಾದರೂ ಹೇಗೆ? ಪ್ರಭಾಕರ ಬೈಯಲಿಲ್ಲ. ಮನೆಗೆ ಬಂದು ಗೋಡೆಗೆ ತಲೆ ಜಜ್ಜಿಕೊಂಡ. ಭೀಮಾದ ಒಳಗೆ ಏನಿತ್ತು ಎಂದು ಅವನು ಯಾವತ್ತೂ ಬಿಚ್ಚಿ ನೋಡಿರಲಿಲ್ಲ. ಕೆಲಸ ಆಗುತ್ತಿತ್ತಲ್ಲ, ಯಾಕೆ ನೋಡಬೇಕು? ಈಗ ತಾನೇ ಒಂದು ಭೀಮಾ ಬರೆದ. ಮಷೀನು ಹತ್ತು ಕಡೆ ತಪ್ಪು ತೋರಿಸಿತು. ತಿದ್ದಿದ. ಓಡಿತು, ಆದರೆ ಹದಿನೈದು ಅಡಿಯ ಸೇತುವೆ ಅರ್ಧ ಮೈಲಿ ಬಾಗುತ್ತದೆ ಎಂದು ಉತ್ತರ ಬಂತು. ಮತ್ತೆ ತಿದ್ದಿದ. ಮೇಲಕ್ಕೆ ಬಾಗುತ್ತದೆ ಎಂದು ಬಂತು. ಹಳೆಯ ಉತ್ತರಗಳ ಜೊತೆ ಒಂದೂ ಹೊಂದಲಿಲ್ಲ.

ಹೀಗೇ ಫೆಬ್ರವರಿ ಕರಗುತ್ತಿತ್ತು. ತಿಂಗಳ ಕೊನೆಯ ದಿನ ಅವನ ಗೈಡ್ ಪ್ರೊಫೆಸರ್ ನಿವೃತ್ತಿ. ಅಷ್ಟರೊಳಗೆ ಲೆಕ್ಕ ಪೂರ್ತಿಯಾಗಿ ಅವರ ಸಹಿ ಬೀಳದಿದ್ದರೆ ಹೊಸ ಗೈಡು. ಹೊಸ ಗೈಡು ಎಂದರೆ ಹೊಸ ವಿಷಯ. ಐದು ವರ್ಷ ನೀರಿಗೆ.

ಇಂಥ ಹೊತ್ತಿನಲ್ಲಿ ಬಾವಿಯ ಹತ್ತಿರ ಆ ಸದ್ದು.

ಮರುದಿನ ಸಂಜೆ ಅವನೇ ಬಂದು ನನ್ನ ಹೊಸ್ತಿಲ ಮೇಲೆ ಕೂತ. ಕೈಯಲ್ಲಿ ಖಾಲಿ ಕಾರ್ಡಿನ ಒಂದು ಕಟ್ಟು.

"ಶಾಮಣ್ಣ... ಬರ್ತೀರೇನು?"

"ಎಲ್ಲಿಗೆ?"

"ಅವಾ ಕೇಳಿದನಲ್ಲ..."

"ರಾಯರ, ನೀವು ಇಂಜಿನಿಯರ್ರು!"

"ಇಂಜಿನಿಯರ್ ಆಗಿ ಏನ ಮಾಡಬೇಕಿತ್ತೋ ಎಲ್ಲಾ ಮಾಡೇನಿ," ಎಂದ. "ಇದೊಂದ ಉಳದದ."

ಹೋದೆವು. ಕಟ್ಟನ್ನು ಬಾವಿಕಟ್ಟೆಯ ಮೇಲಿಟ್ಟೆವು. ಎದುರಿನ ಚಹಾದಂಗಡಿ ಮುಚ್ಚಿತ್ತು, ಅದರ ತಗಡಿನ ಹಿಂದೆ ಕೂತೆವು. ನಾಯಿಗಳು ಬೊಗಳಿ ಸುಮ್ಮನಾದವು. ದೂರದಲ್ಲಿ ಯಾರೋ ರಾಮ ನಾಮ ಸತ್ಯ ಎಂದು ಕೂಗುತ್ತ ಘಾಟಿನ ಕಡೆ ಹೋದರು. ಆಮೇಲೆ ಏನೂ ಇಲ್ಲ... ನನಗೆ ತೂಕಡಿಕೆ ಬಂತು.

ಟಕ್.

ಕಣ್ಣು ತೆರೆದೆ.

ಟಕ್‌ಟಕ್... ಟಕ್... ಗುರ್ರ್... ಖಟಾಕ್.

ಬಾವಿಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಮರ, ಮಡಕೆ, ಮಂಜು, ಅಷ್ಟೇ. ಸದ್ದು ಮಾತ್ರ ಕೈಯಳತೆಯಲ್ಲಿ. ಪ್ರಭಾಕರ ನನ್ನ ಮೊಣಕೈ ಹಿಡಿದುಕೊಂಡ.

"ಪ್ರಾಣೇಶಾ..." ಎಂದ. ಮತ್ತೆ ಅಂದ. "ಪ್ರಾಣೇಶಾ, ಭೀಮಾ ಬೇಕಾಗೇದೋ."

ಸದ್ದು ನಿಂತಿತು.

"ಗೊತ್ತದ. ಗದ್ದಲಾ ಮಾಡಬ್ಯಾಡ."

ಟಕ್‌ಟಕ್... ಟಕ್...

"ಹಳೇದು ಹಂಗ ನಡಿಯೂದಿಲ್ಲೋ... ಪೂರಾ ತಿದ್ದಬೇಕು..." ಪಿಸುಮಾತಿನಲ್ಲಿ ಸಿಟ್ಟಿತ್ತು. "ಯಾವ ಮಂಗ್ಯಾನ ಮಗ ಬದಲ್ ಮಾಡ್ಯಾನೋ ಇದನ್ನ..."

ಗುರ್ರ್. ಖಟಾಕ್.

ಸುಳ್ಳು ಯಾಕೆ ಹೇಳಲಿ, ಆ ಬೈಗುಳ ಕೇಳಿದ ಮೇಲೆ ನನ್ನ ಅಂಜಿಕೆ ಸ್ವಲ್ಪ ಇಳಿಯಿತು. ದೆವ್ವವೂ ನಮ್ಮ ಹಾಗೇ ಬೇಸತ್ತಿತ್ತು.

ಬೆಳಕು ಹರಿಯುವಾಗ ಕಟ್ಟೆಯ ಮೇಲೆ ಕಟ್ಟು ಅಲ್ಲೇ ಇತ್ತು. ರಬ್ಬರ್ ಬ್ಯಾಂಡು ಹಾಕಿತ್ತು. ಪ್ರಭಾಕರ ಒಂದು ಕಾರ್ಡು ತೆಗೆದು ಆಕಾಶಕ್ಕೆ ಹಿಡಿದ. ತೂತುಗಳ ಮೂಲಕ ಬೆಳಕು ಅವನ ಮುಖದ ಮೇಲೆ ಚುಕ್ಕೆಚುಕ್ಕೆಯಾಗಿ ಬಿತ್ತು.

"ಭೀಮಾ," ಎಂದ. ಅಳುತ್ತಿದ್ದ.

ಅಂದೇ ಕೊಟ್ಟ. ಮಾರನೆಯ ದಿನ ಹಾಳೆ ತರಲು ನಾನೂ ಜೊತೆಗೆ ಹೋದೆ. ಹೊತ್ತಗೆ ಬರಲಿಲ್ಲ. ಮತ್ತೆ ಒಂದೇ ಹಾಳೆ. ಒಂದೇ ಸಾಲು.

ಡೋಣಿ ಸಿಗಲಿಲ್ಲ.

ಪ್ರಭಾಕರ ಅಲ್ಲೇ ಮೆಟ್ಟಿಲ ಮೇಲೆ ಕುಸಿದ. ಭೀಮಾ ತನ್ನ ಕೆಲಸದ ನಡುವೆ ಇನ್ನೊಂದು ತುಕಡಿಗೆ ಒಪ್ಪಿಸುತ್ತಿತ್ತಂತೆ. ಅದರ ಹೆಸರು ಡೋಣಿ. ಅದೂ ವಿಜಾಪುರದ ಹೊಳೆಯೇ. ಅದೂ ಪಾಠಕ್‌ಜೀಯ ದೋಣಿಯಲ್ಲಿ ಗಂಗೆಗೆ ಹೋಗಿತ್ತು. ಹೀಗೊಂದು ಇತ್ತು ಎಂಬುದೇ ಇವನಿಗೆ ಗೊತ್ತಿರಲಿಲ್ಲ.

"ಇನ್ನ ಕೃಷ್ಣಾ, ಘಟಪ್ರಭಾ ಎಲ್ಲಾ ಕೇಳತದೇನ್ರಿ ಇದು?" ಎಂದೆ.

ಅವನು ನನ್ನನ್ನು ಕೊಲ್ಲುವ ಹಾಗೆ ನೋಡಿದ. ಆಮೇಲೆ ನಕ್ಕ. ಹುಚ್ಚು ನಗು, ನಿಲ್ಲಲೇ ಇಲ್ಲ. ಕಾವಲುಗಾರ ಹೊರಗೆ ಬಂದು ನೋಡಿ ಒಳಗೆ ಹೋದ.

ಇಷ್ಟು ಹೊತ್ತಿಗೆ ಪ್ರಭಾಕರನ ಹೆಂಡತಿ ಪ್ರೇಮಾ ವೈನಿಗೆ ವಿಷಯ ತಿಳಿದಿತ್ತು. ಅವರು ನಮ್ಮಿಬ್ಬರಿಗೂ ಏನೂ ಅನ್ನದೆ ನೇರ ಮನೆಯೊಡತಿ ಮುದುಕಿಯ ಹತ್ತಿರ ಹೋಗಿ ಕೇಳಿಕೊಂಡು ಬಂದಿದ್ದರು. ಆ ರಾತ್ರಿ ಮೇಲಿನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು.

"ಪ್ರಾಣೇಶ ಅವರ ಮಡಕಿ ಕಟ್ಟಿದ್ರಲ್ಲ. ಹತ್ತನೇ ದಿನಾ ಒಡದ್ರೇನು?"

"ಒಡೀಬೇಕಿತ್ತು?"

"ಇಲ್ಲಿ ಪದ್ಧತಿ ಅದ ಅಂತ. ಹತ್ತನೇ ದಿನಾ ಒಡದ್ರನ ಹೋದವರು ಮುಂದ ಹೋಗೂದು. ಇಲ್ಲಂದ್ರ ಅಲ್ಲೇ ನೀರಿಗೆ ಕಾಯ್ಕೋತ ಕೂಡ್ತಾರ."

"ನನಗೇನ ಗೊತ್ತು? ಕಟ್ಟು ಅಂದ್ರು, ಕಟ್ಟಿದೆ. ಒಡಿ ಅಂತ ಯಾರೂ ಹೇಳಲಿಲ್ಲ."

ಹೇಳುವವರು ಯಾರು? ಈ ಊರಿನವರಿಗೆ ಅದು ಹೇಳಬೇಕಾದ ಮಾತೇ ಅಲ್ಲ. ನಮ್ಮ ಕಡೆ ಮಡಕೆ ಕಟ್ಟುವ ಪದ್ಧತಿಯೇ ಇಲ್ಲ. ಅರ್ಧ ಕಲಿತು ಅರ್ಧ ಬಿಟ್ಟಿದ್ದ. ಎರಡು ವರ್ಷ ಆ ಮಡಕೆ ಹಾಗೇ ತೂಗಿತ್ತು.

"ಈಗ ಹೋಗಿ ಒಡದು ಬರ್ರಿ," ಎಂದರು ವೈನಿ.

ಪ್ರಭಾಕರ ತುತ್ತು ಕೆಳಗಿಟ್ಟ. "ನಾಡದ ಒಡಿತೇನಿ. ಡೋಣಿ ಒಂದ ಆಗಲಿ."

"ಏನಂದ್ರಿ?"

"ಡೋಣಿ ಆಗಲಿ ಪ್ರೇಮಾ. ಒಂದ ರಾತ್ರಿ ಕೆಲಸ."

"ಅಂದ್ರ ನಿಮ್ಮ ಲೆಕ್ಕ ಮುಗಿಯೂ ತನಕಾ ಅವರು ದೆವ್ವ ಆಗೇ ಇರಬೇಕು? ಜೀತಕ್ಕ ಇಟಗೊಂಡೀರೇನು ಗೆಳೆಯಾನ್ನ?"

"ಎರಡು ವರ್ಷ ಇದ್ದಾನ! ಇನ್ನೊಂದ ರಾತ್ರಿ ಇದ್ರ..."

ವೈನಿ ಎದ್ದು ಒಳಗೆ ಹೋದರು. ತವೆಯ ಮೇಲಿನ ರೊಟ್ಟಿ ಸೀದುಹೋಯಿತು. ಯಾರೂ ತೆಗೆಯಲಿಲ್ಲ.

ನಿವೃತ್ತಿಯ ಹಿಂದಿನ ದಿನ. ಕತ್ತಲಾಗುವಾಗ ಪ್ರಭಾಕರ ಹೊಸ ಖಾಲಿ ಕಟ್ಟನ್ನು ಕಟ್ಟೆಯ ಮೇಲಿಟ್ಟು, ಉಳಿದ ಕಾರ್ಡು ಜೋಡಿಸಲು ಕೇಂದ್ರಕ್ಕೆ ಹೋದ. ಬೆಳಗಾಗುವ ಮೊದಲು ತಾನೇ ಬಂದು ಒಯ್ಯುತ್ತೇನೆ ಎಂದಿದ್ದ. ನಾನು ಮನೆಯಲ್ಲಿ ಮಲಗಿದ್ದೆ. ಬಾಗಿಲು ತಟ್ಟಿದ ಸದ್ದು.

ವೈನಿ. ತಲೆಗೆ ಶಾಲು. ಕೈಯಲ್ಲಿ ಲಟ್ಟಣಿಗೆ.

"ಶಾಮಣ್ಣ, ನನ್ನ ಜೋಡಿ ಬರ್ತೀರೇನು? ನೀವು ಒಲ್ಲೆ ಅಂದ್ರೂ ನಾ ಹೋಗಾಕಿ."

ದಾರಿಯುದ್ದ ಹೇಳಿದೆ. ನಾಳೆ ಒಡೆಯೋಣ ಎಂದೆ. ರಾಯರ ಐದು ವರ್ಷ ಎಂದೆ. ಅವರು ಒಂದೇ ಮಾತು ಅಂದರು. "ಹಾಸ್ಟೆಲ್ಲಿನ್ಯಾಗ ನಮ್ಮನಿಯವರಿಗೆ ಜ್ವರಾ ಬಂದಾಗ ಗಂಜಿ ಮಾಡಿ ಹಾಕಿದ ಮನಷ್ಯಾ ಅವರು."

ಬಾವಿಯ ಗಲ್ಲಿಗೆ ತಿರುಗುವಾಗಲೇ ಕೇಳುತ್ತಿತ್ತು.

ಟಕ್‌ಟಕ್... ಟಕ್... ಗುರ್ರ್... ಖಟಾಕ್. ಟಕ್... ಟಕ್‌ಟಕ್...

ವೈನಿಯ ಕಾಲು ತಡೆಯಿತು. ಶಾಲು ಬಿಗಿ ಹಿಡಿದರು. ಮತ್ತೆ ನಡೆದರು.

"ವೈನಿ... ಈಗ ಬ್ಯಾಡ್ರಿ... ಕೆಲಸ ನಡಬರಕ ಅದ..."

ಕಟ್ಟೆ ಹತ್ತಿದರು. ಮಡಕೆ ಅವರ ತಲೆಯ ಮೇಲೆ ತೂಗುತ್ತಿತ್ತು.

"ಪ್ರಾಣೇಶ ಅವರ," ಎಂದರು. ಮನೆಗೆ ಬಂದವರ ಜೊತೆ ಮಾತಾಡುವ ಧ್ವನಿ. "ಸಾಕು. ನೀವು ಹೋಗ್ರಿ ಇನ್ನ."

ಫಟ್.

ಮಡಕೆಯಿಂದ ನೀರು ಬೀಳಲಿಲ್ಲ. ಒಣ ಎಲೆ ಉದುರಿತು. ಚೂರುಗಳು ಕಟ್ಟೆಗೆ ಬಡಿದು ಬಾವಿಗೆ ಬಿದ್ದವು... ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಪುಳಕ್... ಪುಳಕ್...

ಕೀಲಿಯ ಸದ್ದು ನಿಂತಿತ್ತು. ಕಾರ್ಡು ಹೊರಬೀಳುವ ಖಟಾಕ್ ಬರಲೇ ಇಲ್ಲ.

ವೈನಿ ಇಳಿದು ಬಂದರು. "ಅವರಿಗೆ ಹೇಳಬ್ಯಾಡ್ರಿ. ನಾಳೆ ನಾನ ಹೇಳ್ತೇನಿ."

ನಾನು ಆ ರಾತ್ರಿ ಮಲಗಲಿಲ್ಲ. ಬೆಳಗಿನ ಮಂಜಿನಲ್ಲಿ ಕೇಂದ್ರದ ಬಾಗಿಲಿಗೆ ಹೋಗಿ ನಿಂತೆ. ಪ್ರಭಾಕರ ಬಂದ. ಕಟ್ಟನ್ನು ಹೆಗಲ ಮೇಲಿನ ಗಮಛಾದಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದ. ಬಿಚ್ಚಿಯೂ ನೋಡಿರಲಿಲ್ಲ.

"ಅಲ್ಲೇ ಇತ್ತು ಶಾಮಣ್ಣ! ರಬ್ಬರ್ ಬ್ಯಾಂಡ್ ಸಹಿತ!"

ಅರ್ಧವೇ ಆದ ಡೋಣಿ. ಇವನು ಈಗ ಅದನ್ನು ಕೊಡುತ್ತಾನೆ, ಮಷೀನು ಮತ್ತೆ ಒಂದು ಹಾಳೆ ಉಗುಳುತ್ತದೆ, ಮಧ್ಯಾಹ್ನ ಗೈಡು ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ತಡೆಯಬೇಕೋ ಬೇಡವೋ... ತಡೆದು ಏನು ಹೇಳಲಿ?

ಅಂದು ಪಾಠಕ್‌ಜೀ ದಯೆ ತೋರಿ ಇವನ ಸರದಿ ಮೊದಲು ಮಾಡಿದ. ಗಮಛಾದಿಂದ ಕಟ್ಟು ತೆಗೆದು, ಅಂಚು ಮೇಜಿಗೆ ತಟ್ಟಿ ಸಮ ಮಾಡಿ, ಭೀಮಾದ ಕಟ್ಟಿನ ಹಿಂದೆ ಮಗುಚಿಟ್ಟ. ಗುಂಡಿ ಒತ್ತಿದ. ಫರ್ರ್ರ್ ಎಂದು ಕಾರ್ಡುಗಳು ಒಳಗೆ ಹೋದವು.

ಆಮೇಲೆ ಸುಮ್ಮನೆ. ದೀಪಗಳು ಮಿಣಮಿಣ ಎಂದವು. ಪಾಠಕ್‌ಜೀ ಪಾನ್ ಅಗಿಯುವುದನ್ನು ನಿಲ್ಲಿಸಿದ. ನಾನು ಪ್ರಭಾಕರನ ಮುಖ ನೋಡಲಾರದೆ ನೆಲ ನೋಡಿದೆ.

ಝಂಯ್.

ಒಂದು ಸಾಲು. ಮುಗಿಯಿತು ಅಂದುಕೊಂಡೆ.

ಝಂಯ್... ಝಂಯ್... ಝಂಯ್‌ಝಂಯ್‌ಝಂಯ್...

ನಿಲ್ಲಲಿಲ್ಲ. ಕಾಗದ ಹೊರಬಂದು ಮಡಿಚಿ ಮಡಿಚಿ ಬಿತ್ತು. ಅಂಕಿ, ಬರೀ ಅಂಕಿ. ಪ್ರಭಾಕರ ಹಳೆಯ ಉತ್ತರ ಪಕ್ಕಕ್ಕಿಟ್ಟು ಬೆರಳಿಟ್ಟು ನೋಡುತ್ತ ಹೋದ. ಹೊಂದಿತು. ಮುಂದೆ ನೋಡಿದ. ಹೊಂದಿತು. ಕೊನೆಗೆ ಕಾಗದವನ್ನೆಲ್ಲ ಕೂಸಿನ ಹಾಗೆ ಎತ್ತಿಕೊಂಡು ಗೈಡಿನ ಕೋಣೆಗೆ ಓಡಿದ. ಕಾರ್ಡು ಹಿಂದೆಯೇ ಉಳಿದವು. ಪಾಠಕ್‌ಜೀ ಭೀಮಾ, ಡೋಣಿ ಎರಡೂ ಕಟ್ಟಿಗೆ ಪೂಜೆಯ ಕೆಂಪು ಕಲಾವಾ ದಾರ ಬಿಗಿದು ನನ್ನ ಕೈಗೆ ಕೊಟ್ಟ, ನಾನು ಡಬ್ಬಿಗೆ ಹಾಕಿದೆ.

ಸಹಿ ಬಿತ್ತು. ಸಂಜೆ ಪೇಡೆ ತಂದ. ವೈನಿ ಪೇಡೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. "ಯಾವಾಗ ಓಡಿತು?" ಎಂದರು. "ಮುಂಜಾನೆ," ಎಂದೆ. ಬಾಯಿಗೆ ಹಾಕಿಕೊಳ್ಳಲಿಲ್ಲ. ಆ ರಾತ್ರಿಯೇ ಗಂಡನಿಗೆ ಮಡಕೆಯ ಮಾತು ಹೇಳಿದರು. ಅವನು ಪೇಡೆಯ ಪೊಟ್ಟಣ ಮುಚ್ಚಿಟ್ಟ. "ಹಂಗಾರ ಅಷ್ಟರೊಳಗ ಮುಗಿಸಿದ್ದ," ಎಂದ. "ಅವಾ ಹಂಗ... ಅವಸರದಂವಾ." ನಾನು ಖಟಾಕ್ ಬರಲಿಲ್ಲ ಎಂಬುದನ್ನು ಹೇಳಲಿಲ್ಲ.

ಗಂಡಹೆಂಡತಿ ಊರಿಗೆ ಹೋದರು. ಸಾಮಾನು ಖಾಲಿ ಮಾಡುವಾಗ ಕಾರ್ಡಿನ ಡಬ್ಬಿಯನ್ನು ನನಗೇ ಬಿಟ್ಟರು. ಚಹಾ ಕಾಸುವಾಗ ಇದ್ದಿಲ ಸಿಗಡಿ ಹೊತ್ತಿಸಲು ಬರುತ್ತದೆ ಎಂದು.

ನನ್ನ ಗ್ರಹಚಾರ ಅಲ್ಲಿಂದ ಶುರು. ಸಂತೋಷದ ಭರದಲ್ಲಿ ಪ್ರಭಾಕರ ಪಾಠಕ್‌ಜೀಗೆ ಎಲ್ಲ ಹೇಳಿ ಹೋಗಿದ್ದ. ಪಾಠಕ್‌ಜೀಯ ಬಾಯಲ್ಲಿ ಪಾನ್ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಹೊಸ ಫೋರ್ಟ್ರಾನಿನಿಂದ ಕೈಕಾಲು ಮುರಿದವರು ಒಬ್ಬಿಬ್ಬರೇ? ದಿನಾ ಸಂಜೆ ಒಬ್ಬೊಬ್ಬ ಡಾಕ್ಟರೇಟಿನವನು ಖಾಲಿ ಕಾರ್ಡು ಬಗಲಲ್ಲಿ ಇಟ್ಟುಕೊಂಡು ನನ್ನ ಬಾಗಿಲಿಗೆ. "ಭಾಯಿಸಾಬ್, ನಮ್ಮದೂ ಮೂರು ತುಕಡಿ ಕಾಣೆಯಾಗಿವೆ." ಅವನು ಹೋದ, ಮಡಕೆ ಒಡೆಯಿತು ಎಂದರೆ ನಂಬುವುದಿಲ್ಲ. "ಹಾಂ ಹಾಂ, ನಿಮ್ಮ ಮದ್ರಾಸಿ ಭೂತ ನಿಮ್ಮವರಿಗೆ ಮಾತ್ರ ಕೆಲಸ ಮಾಡುತ್ತದೆ!" ಎಂದು ಕೊಂಕು. ನಿನ್ನೆ ಒಬ್ಬ ನನ್ನ ಯಾತ್ರಿಕರ ಮುಂದೆಯೇ ದಶಾಶ್ವಮೇಧದಲ್ಲಿ ಕಾಲು ಹಿಡಿದ. ಹಾವೇರಿಯ ಮುದುಕಿಯೊಬ್ಬಳು ನನ್ನನ್ನು ಮಂತ್ರವಾದಿ ಅಂದುಕೊಂಡು ಮಗಳಿಗೆ ತಾಯಿತ ಕೇಳಿದಳು.

ಸಾಕು. ಬೆಳಗಿನ ಗಾಡಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ.

ಈಗ ಗಂಟು ಕಟ್ಟುತ್ತಿದ್ದೇನೆ. ಧೋತರ ಎರಡು, ಕಂಬಳಿ, ತಂಬಿಗೆ. ಸಿಗಡಿಗೆ ಇಡೋಣವೆಂದು ಡಬ್ಬಿಯ ಕಾರ್ಡು ತೆಗೆದೆ. ಕಲಾವಾ ಕಟ್ಟಿದ ಎರಡು ಕಟ್ಟು ಕೊನೆಗೆ ಉಳಿದವು. ಗಂಟು ಪಾಠಕ್‌ಜೀ ಹಾಕಿದ್ದೇ, ಯಾರೂ ಬಿಚ್ಚಿರಲಿಲ್ಲ. ಭೀಮಾವನ್ನು ಬಿಚ್ಚಿ ಕಂದೀಲಿಗೆ ಹಿಡಿದೆ. ಜರಡಿಯ ಹಾಗೆ ತೂತು. ಡೋಣಿಯನ್ನು ಬಿಚ್ಚಿದೆ.

ಮೊದಲನೆಯದನ್ನು ಹಿಡಿದೆ... ಬೆಳಕು ಬರಲಿಲ್ಲ. ಎರಡನೆಯದು. ಆಮೇಲೆ ನಡುವಿನದು, ಕಡೆಯದು. ಒಂದೊಂದನ್ನೂ ಬಿಡದೆ ತಿರುವಿ ತಿರುವಿ ಹಿಡಿದೆ, ಬೆರಳಾಡಿಸಿ ನೋಡಿದೆ. ಅಂಗಡಿಯಿಂದ ತಂದ ಹಾಗೆ ನುಣುಪು. ಮಡಕೆ ಒಡೆಯುವ ಮೊದಲು ನಾನೇ ಕೇಳಿದ್ದ ಆ ಖಟಾಕ್ ಸದ್ದಿಗೂ ಗುರುತಿಲ್ಲ.

ಇದು ನಡೆದದ್ದು. ಆ ಮಷೀನು ಇದೇ ಕಾರ್ಡನ್ನು ತಿಂದದ್ದನ್ನು ನಾನು ನಿಂತು ನೋಡಿದ್ದೇನೆ. ಸಿಗಡಿಗೆ ಹಾಕಲಿಲ್ಲ, ಧೋತರದ ಮಡಿಕೆಯಲ್ಲಿ ಇಟ್ಟಿದ್ದೇನೆ. ಬೇಕಾದವರು ದೀಪಕ್ಕೆ ಹಿಡಿದು ನೋಡಿ. ಡೋಣಿಯ ಒಂದು ಕಾರ್ಡಿಗೂ ಒಂದು ತೂತಿಲ್ಲ.